ಪ್ಲಾಸ್ಟಿಕ್ ಸೈನಿಕರಿಂದ ಟ್ಲಿಂಗಿಟ್ ಯೋಧರು: ಸಿಟ್ಕಾ, 1804

[ದೃಶ್ಯ: ಮೇಜಿನ ಮೇಲೆ ನಿಲುವಂಗಿ ತೊಟ್ಟ 28 ಮಿ.ಮೀ. ಸ್ಯಾಕ್ಸನ್ ಸೈನಿಕ. ಪಕ್ಕದಲ್ಲಿ ಪೂರ್ಣಗೊಂಡ ಟ್ಲಿಂಗಿಟ್ ಯೋಧ.]

ಎಡಗಡೆಯ ಸೈನಿಕನೇ ಬಲಗಡೆಯವನಾಗಿದ್ದಾನೆ. ದೇಹ ಅದೇ, ಕಾಲು ಅದೇ. ತಲೆ ಮಾತ್ರ ಇಲ್ಲ, ಬೇಕಾಗಿಯೂ ಇಲ್ಲ. ಏಕೆಂದು ಈಗ ನೋಡೋಣ.

ಟ್ಲಿಂಗಿಟ್ ಜನ ಅಲಾಸ್ಕಾದ ಆಗ್ನೇಯ ಕರಾವಳಿಯವರು. 1802ರಲ್ಲಿ ಅವರು ಸಿಟ್ಕಾದ ರಷ್ಯನ್ ಕೋಟೆಯನ್ನು ಸುಟ್ಟುಹಾಕಿದರು. 1804ರ ಅಕ್ಟೋಬರಿನಲ್ಲಿ ಅಲಾಸ್ಕಾದ ರಷ್ಯನ್ ವಸಾಹತಿನ ಮುಖ್ಯಸ್ಥ ಬರಾನೊವ್ ನೂರಾರು ಅಲ್ಯೂಟ್ (ಅಲಾಸ್ಕಾ ಬಳಿಯ ದ್ವೀಪಗಳ ಜನ) ಬೇಟೆಗಾರರು ಮತ್ತು 'ನೆವಾ' ಹಡಗಿನ ಬಲದೊಂದಿಗೆ ಬಂದು ದಾಳಿ ಮಾಡಿದ. ನಾವು ಮಾಡುತ್ತಿರುವುದು ಮೇಜಿನ ಮೇಲಿನ ಯುದ್ಧದಾಟಕ್ಕೆ ಆ ಕಾಳಗದ ಟ್ಲಿಂಗಿಟ್ ಪಡೆ.

[ದೃಶ್ಯ: ಶಿರಸ್ತ್ರಾಣ ಮತ್ತು ಕೊರಳಪಟ್ಟಿಯ ರೇಖಾಚಿತ್ರ.]

ಮೊದಲು ಈ ಚಿತ್ರ ಗಮನಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ಮರದಲ್ಲಿ ಕೆತ್ತಿದ ಶಿರಸ್ತ್ರಾಣ ಯೋಧನ ಮುಖವನ್ನು ಮುಚ್ಚುವ ಮುಖವಾಡವಲ್ಲ, ನೆತ್ತಿಯ ಮೇಲೆ ಕೂರುತ್ತದೆ. ಮುಖ ಮುಚ್ಚುವುದು ಅದರ ಕೆಳಗಿನ ಕೊರಳಪಟ್ಟಿ. ಮರವನ್ನು ಬಗ್ಗಿಸಿ ಮಾಡಿದ ಈ ಪಟ್ಟಿ ಕುತ್ತಿಗೆಯಿಂದ ಕಣ್ಣಿನವರೆಗೂ ಏರುತ್ತದೆ. ಒಳಗಿನ ಕುಣಿಕೆಯನ್ನು ಯೋಧ ಹಲ್ಲಿನಲ್ಲಿ ಕಚ್ಚಿ ಹಿಡಿದು ಪಟ್ಟಿಯನ್ನು ನಿಲ್ಲಿಸುತ್ತಿದ್ದ. ಹಾಗಾಗಿ ಕೆತ್ತಿದ ಮುಖ ಮೇಲೆ, ನಿಜವಾದ ಕಣ್ಣು ಅದರ ಕೆಳಗಿನ ಕಿಂಡಿಯಲ್ಲಿ. ಕೆತ್ತಿದ ಮುಖವನ್ನು ಸೈನಿಕನ ಮುಖದ ಜಾಗದಲ್ಲೇ ಕೂರಿಸಿದರೆ ಎತ್ತರ ಕುಗ್ಗುತ್ತದೆ, ದೂರದಿಂದ ನೋಡಿದರೆ ಮುಖವಾಡ ಹಾಕಿದ ವೈಕಿಂಗ್ ಆಗಿಬಿಡುತ್ತಾನೆ.

[ದೃಶ್ಯ: ತಲೆ ಕತ್ತರಿಸುವುದು.]

ಗಟ್ಟಿ ಪ್ಲಾಸ್ಟಿಕ್ಕಿನ ಸ್ಯಾಕ್ಸನ್ ಅಥವಾ ವೈಕಿಂಗ್ ದೇಹ ತೆಗೆದುಕೊಳ್ಳಿ, ಸರಪಳಿ ಕವಚ ಇಲ್ಲದವರೇ ಆಗಬೇಕು. ಕುತ್ತಿಗೆಯನ್ನು ಭುಜದ ಮಟ್ಟಕ್ಕೆ ಕತ್ತರಿಸಿ. ಸೊಂಟಪಟ್ಟಿ, ಕತ್ತಿಯ ಒರೆ, ಗುರಾಣಿ ಎಲ್ಲವನ್ನೂ ಕೆತ್ತಿ ತೆಗೆಯಿರಿ. ಬಟ್ಟೆಯ ನೆರಿಗೆಗಳನ್ನೂ ಅರದಿಂದ ಉಜ್ಜಿ ಸಮ ಮಾಡಿ. ಇದನ್ನು ಬಿಟ್ಟರೆ ಆಮೇಲೆ ತೊಡಿಸುವ ತೊಗಲು ಹತ್ತಿಯ ಅಂಗಿಯಂತೆ ಕಾಣುತ್ತದೆ. ಪದರ ಪದರವಾಗಿ ಹೊಲಿದ ದಪ್ಪ ತೊಗಲಿನಲ್ಲಿ ಸಣ್ಣ ನೆರಿಗೆ ಬೀಳುವುದಿಲ್ಲ.

ಕೊರಳಪಟ್ಟಿಗೆ 0.5 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಹಾಳೆಯಿಂದ 3 ಮಿ.ಮೀ. ಅಗಲ, 18 ಮಿ.ಮೀ. ಉದ್ದದ ಚೂರು ಕತ್ತರಿಸಿ. ಅದನ್ನು 5 ಮಿ.ಮೀ. ಡ್ರಿಲ್ ಬಿಟ್ಟಿಗೆ ಸುತ್ತಿ ಟೇಪ್ ಹಾಕಿ, ಬಿಸಿನೀರಿನಲ್ಲಿ ಅದ್ದಿ, ಕೂಡಲೇ ತಣ್ಣೀರಿಗೆ ಹಾಕಿ. ಬಳೆಯ ಆಕಾರ ನಿಲ್ಲುತ್ತದೆ. ಹೆಚ್ಚಾದ ತುದಿ ಕತ್ತರಿಸಿ, ಜೋಡಣೆ ಹಿಂಭಾಗಕ್ಕೆ ಬರುವಂತೆ ಅಂಟಿಸಿ. ಮುಂದಿನ ಮೇಲಂಚಿನಲ್ಲಿ ದುಂಡು ಅರದಿಂದ ಎರಡು ಸಣ್ಣ ಕಚ್ಚು ಮಾಡಿ, ಅವೇ ಕಣ್ಣಿನ ಕಿಂಡಿಗಳು.

[ದೃಶ್ಯ: ಗ್ರೀನ್ ಸ್ಟಫ್ ಕಲಸುವುದು.]

ಶಿರಸ್ತ್ರಾಣಕ್ಕೆ ಗ್ರೀನ್ ಸ್ಟಫ್, ಅಂದರೆ ಎರಡು ಭಾಗ ಕಲಸಿದರೆ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿ. ನೀಲಿ ಹಳದಿ ಸಮ ಸಮ, ಗೆರೆ ಉಳಿಯದಂತೆ ಕಲಸಿ. ಎಂ-ಸೀಲ್ ಒಳಗೆ ತುಂಬುವುದಕ್ಕೆ ಸಾಕು, ಆದರೆ ಅದರಲ್ಲಿ ತುಟಿ ಹುಬ್ಬು ಮೂಡುವುದಿಲ್ಲ, ಅಂಚು ಉದುರುತ್ತದೆ. ಮೊದಲು ದೇಹದಲ್ಲಿ 0.5 ಮಿ.ಮೀ. ರಂಧ್ರ ಕೊರೆದು ತಂತಿ ನೆಡಿ. ತಂತಿ ಕೊರಳಪಟ್ಟಿಯ ಮಧ್ಯದಿಂದ ಮೇಲೆ ಬರಲಿ. ಒಳಗೆ ಎಂ-ಸೀಲ್ ತುಂಬಿ, ಕಚ್ಚಿನ ಹಿಂದೆ ಸ್ವಲ್ಪ ಟೊಳ್ಳು ಬಿಡಿ. ಅದು ಗಟ್ಟಿಯಾದ ಮೇಲೆ ಗ್ರೀನ್ ಸ್ಟಫ್ಫಿನ 5 ಮಿ.ಮೀ. ಉಂಡೆಯನ್ನು ತಂತಿಗೆ ಚುಚ್ಚಿ ಕೂರಿಸಿ. ತಂತಿ ಇಲ್ಲದಿದ್ದರೆ ಆಟದ ನಡುವೆ ಮೊದಲು ಕಿತ್ತು ಬರುವುದು ಈ ಶಿರಸ್ತ್ರಾಣವೇ.

ಮುಖವನ್ನು ಒಂದೇ ಸಲಕ್ಕೆ ಕೆತ್ತಲು ಹೋಗಬೇಡಿ. ಕಲಸಿದ ತಕ್ಷಣ ಅದು ಉಪಕರಣಕ್ಕೆ ಮೆತ್ತಿಕೊಳ್ಳುತ್ತದೆ. ಇಪ್ಪತ್ತು ನಿಮಿಷ ಬಿಟ್ಟು, ಉಪಕರಣ ಒದ್ದೆ ಮಾಡಿಕೊಂಡು ಕಣ್ಣಿನ ಗುಳಿ ಒತ್ತಿ, ಹುಬ್ಬು ಎತ್ತಿ, ಅಗಲವಾದ ಬಾಯಿ ಕೊರೆಯಿರಿ. ಮಾನವ ಮುಖ, ಕರಡಿ, ತೋಳ ಯಾವುದಾದರೂ ಸರಿ. ಆದರೆ 1804ರ ಕಾಳಗದ ಟ್ಲಿಂಗಿಟ್ ನಾಯಕ ಕಟ್ಲಿಯಾನನ ಕಾಗೆಯ ಶಿರಸ್ತ್ರಾಣವನ್ನು ಪಡೆಯ ತುಂಬ ನಕಲು ಮಾಡಬೇಡಿ. ಅದು ಕಿಕ್ಸಾದಿ ಕುಲದ ಲಾಂಛನ. ಟ್ಲಿಂಗಿಟ್ ಸಮಾಜದಲ್ಲಿ ಲಾಂಛನ ಕುಲದ ಆಸ್ತಿ, ಇಂದಿಗೂ ಹಾಗೆಯೇ. ಅಲಂಕಾರಕ್ಕೆಂದು ಯಾರ ತಲೆಗಾದರೂ ಇಡುವ ವಸ್ತು ಅಲ್ಲ. ಸಾಮಾನ್ಯ ಮಾನವ ಮುಖ ಮಾಡಿದರೆ ಈ ತೊಡಕಿಲ್ಲ, ನೋಡಲೂ ಅಷ್ಟೇ ಭಯಂಕರ.

[ದೃಶ್ಯ: ಪ್ಲಾಸ್ಟಿಕ್ ಹಾಳೆಯ ಮೇಲೆ ಗೆರೆ ಎಳೆಯುವುದು.]

ಮರದ ಕವಚ ನಮ್ಮ ಬಿದಿರಿನ ತಡಿಕೆಯ ಹಾಗೆ: ಉದ್ದುದ್ದ ಪಟ್ಟಿಗಳು, ನಡುವೆ ನರದ ದಾರದ ಹೆಣಿಗೆ. ಅದೇ 0.5 ಮಿ.ಮೀ. ಹಾಳೆಯಲ್ಲಿ 0.6 ಮಿ.ಮೀ. ಅಂತರಕ್ಕೆ ಗೆರೆ ಎಳೆಯಿರಿ. ಚಾಕುವಿನ ಅಲಗಿನಿಂದಲ್ಲ, ಬೆನ್ನಿನಿಂದ. ಅಲಗು ಸೀಳುತ್ತದೆ ಅಷ್ಟೆ, ಬೆನ್ನು ಕಾಲುವೆ ತೋಡುತ್ತದೆ. ತೆಳು ಹಾಳೆ ಬೇಡ, ಬಗ್ಗಿಸುವಾಗ ಗೆರೆಯಲ್ಲೇ ಮುರಿಯುತ್ತದೆ. ಗೆರೆ ಎಳೆದಾದ ಮೇಲೆ 10 ಅಗಲ, 13 ಮಿ.ಮೀ. ಉದ್ದದ ಎರಡು ತುಂಡು ಕತ್ತರಿಸಿ ಎದೆಗೊಂದು, ಬೆನ್ನಿಗೊಂದು ಅಂಟಿಸಿ. ತುಂಡು ಭುಜದಿಂದ ತೊಡೆಯ ಮಧ್ಯದವರೆಗೆ ಬರಬೇಕು. ನಡುವಿನ ಹೆಣಿಗೆಗೆ ತೆಳು ಪುಟ್ಟಿಯ ಪಟ್ಟಿ ಒತ್ತಿ, ಅಡ್ಡಗೆರೆ ಎಳೆಯಿರಿ. ಹೊಲಿಗೆ ದಾರ ಅಂಟಿಸಿದರೆ ಬಣ್ಣದಲ್ಲಿ ಅದರ ಎಳೆಗಳು ಎದ್ದು ನಿಲ್ಲುತ್ತವೆ.

ಇಪ್ಪತ್ತು ಜನರ ಪಡೆಯಲ್ಲಿ ಪೂರ್ತಿ ಮರದ ಕವಚ ನಾಲ್ಕೈದು ಮಂದಿಗೆ ಸಾಕು. ಉಳಿದವರಿಗೆ 0.5 ಮಿ.ಮೀ. ದಪ್ಪದ ಪುಟ್ಟಿಯಲ್ಲಿ ತೋಳಿಲ್ಲದ ತೊಗಲಂಗಿ. ಅದರ ಕೆಳ ಅಂಚಿನಲ್ಲಿ ಎರಡು ಗೆರೆ ಎಳೆದರೆ ಪದರ ತೋರುತ್ತದೆ. ಇವರಿಗೆ ತಲೆ ಬೇಕು, ಕೂದಲನ್ನು ನೆತ್ತಿಯಲ್ಲಿ ಗಂಟು ಹಾಕಿ. ಒಬ್ಬನ ಅಂಗಿಗೆ ಬಿಳಿ ಅಂಟಿನ ಚುಕ್ಕೆಗಳಿಂದ ಚೀನೀ ನಾಣ್ಯಗಳನ್ನು ಕೂರಿಸಬಹುದು. ತುಪ್ಪಳದ ವ್ಯಾಪಾರದಲ್ಲಿ ಬಂದ ನಾಣ್ಯಗಳನ್ನು ಹೊಲಿದ ಕವಚಗಳು ಇಂದಿಗೂ ಉಳಿದಿವೆ.

[ದೃಶ್ಯ: ಬಾಕು.]

ಬಾಕುವಿಗೆ ಎರಡು ಅಲಗು: ಹಿಡಿಯ ಕೆಳಗೆ ಉದ್ದದ್ದು, ಮೇಲೆ ಗಿಡ್ಡದ್ದು. 0.8 ಮಿ.ಮೀ. ಹಿತ್ತಾಳೆ ತಂತಿಯ ಎರಡೂ ತುದಿ ಬಡಿದು ಚಪ್ಪಟೆ ಮಾಡಿ, ಒಟ್ಟು ಉದ್ದ 10 ಮಿ.ಮೀ. ಇರಲಿ. ಮಣಿಕಟ್ಟಿಗೆ ಕಾಗದದ ಎಳೆಯಿಂದ ತೊಗಲಿನ ಬಾರು ಸುತ್ತಿ. ಬಂದೂಕು ಇಲ್ಲದೆ 1804 ಇಲ್ಲ. ಬ್ರಿಟಿಷ್ ಮತ್ತು ಅಮೆರಿಕನ್ ವ್ಯಾಪಾರಿಗಳಿಂದ ಟ್ಲಿಂಗಿಟರು ಸಾಕಷ್ಟು ಬಂದೂಕು ಪಡೆದಿದ್ದರು. ನೆಪೋಲಿಯನ್ ಕಾಲದ ಪ್ಲಾಸ್ಟಿಕ್ ಸೈನಿಕರ ಪೆಟ್ಟಿಗೆಯಲ್ಲಿ ಉಳಿದ ಬಂದೂಕುಗಳನ್ನೇ ಬಯೋನೆಟ್ ಕತ್ತರಿಸಿ ಬಳಸಿ. ಕೊರಳಪಟ್ಟಿ ಇರುವವನಿಗೆ ಮಾತ್ರ ಗುರಿಯಿಡುವ ಭಂಗಿ ಬೇಡ, ಕೆನ್ನೆಗೆ ಬಂದೂಕು ತಾಗುವುದೇ ಇಲ್ಲ. ಸೊಂಟದ ಬಳಿ ಹಿಡಿಸಿ.

ಗರಿಯ ಕಿರೀಟ, ಕುದುರೆ, ಎದೆಯ ಮೇಲೆ ಜಾಲರಿ ಯಾವುದೂ ಬೇಡ. ಅವು ಅಮೆರಿಕದ ಒಳನಾಡಿನ ಹುಲ್ಲುಬಯಲಿನ ಬೇರೆ ಜನರವು. ಚಿಲ್ಕಾಟ್ ಕಂಬಳಿ ಟ್ಲಿಂಗಿಟರದ್ದೇ, ಆದರೆ ಅದು ಸಮಾರಂಭದ ಉಡುಪು, ಕಾಳಗದ್ದಲ್ಲ.

[ದೃಶ್ಯ: ಬಣ್ಣ.]

ಮರಕ್ಕೆ ಬೂದುಗಂದು, ತೊಗಲಿಗೆ ಮಾಸಲು ಕಂದು. ಶಿರಸ್ತ್ರಾಣಕ್ಕೆ ಕಪ್ಪು, ಕೆಂಪು, ಜೊತೆಗೆ ಮಂಕಾದ ನೀಲಿಹಸಿರು. ಹೊಳೆಯುವ ಆಕಾಶನೀಲಿ ಹಾಕಿದರೆ ಎಲ್ಲ ಕೆಡುತ್ತದೆ. ಹುಬ್ಬು ತುಟಿಗೆ ತಾಮ್ರದ ಬಣ್ಣ, ಹಲ್ಲಿಗೆ ಚಿಪ್ಪಿನ ಬಿಳಿ, ಕಣ್ಣಿನ ಕಿಂಡಿಗೆ ಅಪ್ಪಟ ಕಪ್ಪು. ಮಂಕು ವಾರ್ನಿಷ್ ಪೂರ್ತಿ ಒಣಗಿದ ಮೇಲೆಯೇ ತಾಮ್ರ ಹಚ್ಚಿ, ಇಲ್ಲದಿದ್ದರೆ ಹೊಳಪು ಸಾಯುತ್ತದೆ. ಬೇಸಿನ ಮೇಲಿನ ಪಾಚಿಯನ್ನೂ ವಾರ್ನಿಷ್ ನಂತರವೇ ಅಂಟಿಸಿ. ಸಿಟ್ಕಾ ಮಳೆಕಾಡಿನ ಕರಾವಳಿ, ಆದ್ದರಿಂದ ಹಳದಿ ಮರಳು ಬೇಡ. ಕಪ್ಪು ಬೆಣಚುಕಲ್ಲು, ಅಲ್ಲಿನ ಸ್ಪ್ರೂಸ್ ಮರದ ಕಡ್ಡಿಯ ಬದಲಿಗೆ ತೊಗಟೆ ಸಹಿತ ಒಣ ಪುಳ್ಳೆ, ಅದರ ಪಕ್ಕ ಪಾಚಿ ಇಟ್ಟರೆ ಸಾಕು.