ಶಾಲು ಹೊದಿಸಿದ್ದಾಯ್ತು, ಕ್ಲಾಸಿನಲ್ಲಿ ಸೀಟು ಯಾರು ಕೊಡ್ತಾರೆ?

ನಮಸ್ಕಾರ.

ಉತ್ತರ ಕರ್ನಾಟಕದವರು ಇದನ್ನು ನೋಡಿಯೇ ಇರುತ್ತೀರಿ. ಮಿಲ್ಟ್ರಿಯಿಂದ ರಿಟೈರ್ ಆಗಿ ಒಬ್ಬರು ಊರಿಗೆ ಬರುತ್ತಾರೆ. ರೈಲ್ವೆ ಸ್ಟೇಷನ್ನಿನಲ್ಲೇ ಹಾರ ಬೀಳುತ್ತದೆ. ಅಲ್ಲಿಂದ ತೆರೆದ ಜೀಪು, ಮುಂದೆ ಡೊಳ್ಳು, ಹಿಂದೆ ಡಿಜೆ, ಬೈಕ್ ಹುಡುಗರ ಕೈಯಲ್ಲಿ ಬಾವುಟ. ಅಗಸಿಯಲ್ಲಿ ಆರತಿ ಮಾಡುತ್ತಾರೆ. ಗುಡಿ ಮುಂದೆ ವೇದಿಕೆ, ಶಾಲು, ಪೇಟ, ಆಮೇಲೆ ಊರ ಮುಖಂಡರ ಭಾಷಣ. ತುಂಬಾ ಒಳ್ಳೆಯದು. ಮಾಡಬೇಕಾದದ್ದೇ. ಆದರೆ ಆ ವೇದಿಕೆಯಲ್ಲಿ ಮೈಕ್ ಹಿಡಿದವರು ಯಾರೂ "ಮುಂದೇನು ಮಾಡ್ತೀರಿ?" ಅಂತ ಕೇಳಿದ್ದನ್ನು ನಾನು ನೋಡಿಲ್ಲ.

ಕೇಳಬೇಕಾದ ಪ್ರಶ್ನೆ ಅದು, ಯಾಕೆಂದರೆ ಇದು ಅರವತ್ತಕ್ಕೆ ಬರುವ ರಿಟೈರ್ಮೆಂಟ್ ಅಲ್ಲ. ಹದಿನೆಂಟು, ಹತ್ತೊಂಬತ್ತಕ್ಕೆ ಸಿಪಾಯಿಯಾಗಿ ಸೇರಿದವರು ಹದಿನೈದು, ಹದಿನೇಳು ವರ್ಷ ಸೇವೆ ಮುಗಿಸಿ ಬರುವಾಗ ವಯಸ್ಸು ಮೂವತ್ತೈದರ ಆಸುಪಾಸು. ಮಕ್ಕಳು ಇನ್ನೂ ಪ್ರೈಮರಿ ಸ್ಕೂಲು. ಮನೆ ಕಟ್ಟಿಸಿದ ಸಾಲ ಬೇರೆ. ಪಿಂಚಣಿ ಬರುತ್ತದೆ, ಸರಿ. ಆದರೆ ಮುಂದಿನ ಇಪ್ಪತ್ತೈದು ವರ್ಷ ಆ ಮನುಷ್ಯ ಏನು ಮಾಡಬೇಕು?

ನಮ್ಮಲ್ಲಿ ಇದಕ್ಕೆ ಸಿದ್ಧ ಉತ್ತರ ಒಂದಿದೆ. ಸೆಕ್ಯುರಿಟಿ ಕೆಲಸ. ಬ್ಯಾಂಕಿನ ಬಾಗಿಲು, ಎಟಿಎಂ, ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟು. ಇದು ಬರೀ ಜನರ ಕಲ್ಪನೆಯೂ ಅಲ್ಲ. ಮಾಜಿ ಸೈನಿಕರ ಪುನರ್ವಸತಿಗೆಂದೇ ಇರುವ ಕೇಂದ್ರದ ಇಲಾಖೆ ಡಿಜಿಆರ್, ಮಾಜಿ ಸೇನಾಧಿಕಾರಿಗಳು ನಡೆಸುವ ಸೆಕ್ಯುರಿಟಿ ಏಜೆನ್ಸಿಗಳನ್ನು ಪಟ್ಟಿ ಮಾಡಿ ಇಟ್ಟುಕೊಂಡಿದೆ. ಅವುಗಳ ಮೂಲಕ ಸಾವಿರಾರು ಮಂದಿ ಗಾರ್ಡ್ ಆಗುತ್ತಾರೆ. ಗಾರ್ಡ್ ಕೆಲಸ ಕೀಳು ಅಂತ ನಾನು ಹೇಳುತ್ತಿಲ್ಲ. ಆದರೆ ರಾಡಾರ್ ನೋಡಿಕೊಂಡವರೂ ಗಾರ್ಡು, ಸೇತುವೆ ಕಟ್ಟಿದವರೂ ಗಾರ್ಡು, ಆಸ್ಪತ್ರೆಯ ವಾರ್ಡ್ ನಡೆಸಿದವರೂ ಗಾರ್ಡು ಅಂದ್ರೆ ಹೇಗೆ?

ಮತ್ತೆ ಓದುತ್ತೇನೆ ಅಂತ ಹೊರಟವರಿಗೆ ನಾವು ಏನು ಇಟ್ಟಿದ್ದೇವೆ? ಬನ್ನಿ, ನೋಡೋಣ.

ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಯೋಜನೆ ಅಂತ ಒಂದಿದೆ. ವೃತ್ತಿಪರ ಕೋರ್ಸಿಗೆ ಸೇರಿದ ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500 ರೂಪಾಯಿ. ಯಾರಿಗೆ? ಮಾಜಿ ಸೈನಿಕರ ಮಕ್ಕಳಿಗೆ, ಸೈನಿಕರ ವಿಧವೆಯರಿಗೆ. ನಮ್ಮ ಸಿಇಟಿಯಲ್ಲಿ ರಕ್ಷಣಾ ಕೋಟಾ ಇದೆ. ಅದೂ ಸೈನಿಕರ, ಮಾಜಿ ಸೈನಿಕರ ಮಕ್ಕಳಿಗೆ. ಇವೆಲ್ಲ ಬೇಕು, ಒಂದನ್ನೂ ಕಡಿಮೆ ಮಾಡಬಾರದು. ಆದರೆ ಒಂದು ವಿಷಯ ಗಮನಿಸಿ. ಸೈನಿಕನ ಮಗಳು ಓದಬಹುದು, ಸೈನಿಕನ ವಿಧವೆ ಓದಬಹುದು. ಸ್ವತಃ ಸೈನಿಕನೇ ಕಾಲೇಜಿಗೆ ಬಂದು ಕೂರುತ್ತಾನೆ ಅನ್ನುವ ಯೋಚನೆ ಈ ಯೋಜನೆ ಬರೆದವರ ತಲೆಗೆ ಬಂದೇ ಇಲ್ಲ.

ಮಾಜಿ ಸೈನಿಕರಿಗೆ ಕೊಟ್ಟದ್ದು ಕೆಲಸದ ಮೀಸಲಾತಿ. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 10, ಬ್ಯಾಂಕುಗಳ ಕ್ಲರ್ಕ್ ದರ್ಜೆಯಲ್ಲಿ ಶೇ. 14.5. ಇದರ ಜೊತೆ ಒಂದು ವಿಚಿತ್ರವಾದ ಸೌಲಭ್ಯವೂ ಇದೆ. ಎಸ್ಸೆಸ್ಸೆಲ್ಸಿ ಪಾಸಾಗಿ ಹದಿನೈದು ವರ್ಷ ಸೇನೆಯಲ್ಲಿ ಕೆಲಸ ಮಾಡಿದವರನ್ನು ಗ್ರೂಪ್ ಸಿ ಹುದ್ದೆಗಳ ಮಟ್ಟಿಗೆ ಪದವೀಧರರು ಅಂತ ಪರಿಗಣಿಸಬಹುದು. ಕೆಲಸಕ್ಕೆ ಅರ್ಜಿ ಹಾಕುವಾಗ ನೀವು ಡಿಗ್ರಿಯವರು. ಅದೇ ಕಾಗದ ಹಿಡಿದು ಎಂಎಗೆ ಸೀಟು ಕೇಳಿ ನೋಡಿ, ಬರೀ ಎಸ್ಸೆಸ್ಸೆಲ್ಸಿಯವರು. ಡಿಗ್ರಿಗೆ ಸಮ ಅಂತ ಸರ್ಕಾರ ಹೇಳುತ್ತದೆ, ಓದಿಗೆ ಮಾತ್ರ ಅದು ನಡೆಯುವುದಿಲ್ಲ!

ಕಾಲೇಜಿನ ಒಳಗೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ಗೊತ್ತಿರುವ ಒಬ್ಬರ ಕಥೆ ಹೇಳುತ್ತೇನೆ. ಗೋಕಾಕ ಕಡೆಯವರು. ಸೇನೆಯ ಸಂಪರ್ಕ ವಿಭಾಗ ಸಿಗ್ನಲ್ಸ್‌ನಲ್ಲಿದ್ದು ಹವಾಲ್ದಾರ್ ಆಗಿ ಬಂದವರು. ಸೇನೆ ಸೇರುವ ಮೊದಲೇ ಪಿಯುಸಿ ಆಗಿತ್ತು. ಬಿಸಿಎ ಮಾಡೋಣ ಅಂತ ಹತ್ತಿರದ ಕಾಲೇಜಿಗೆ ಹೋದರು. ಕ್ಲರ್ಕ್ ಕಾಗದ ತಿರುವಿ ಹಾಕಿ ಕೇಳಿದ:

"ಪಿಯುಸಿ ಆಗಿ ಇಷ್ಟು ವರ್ಷ ಏನ್ ಮಾಡಿದ್ರಿ? ಗ್ಯಾಪ್ ಸರ್ಟಿಫಿಕೇಟ್ ಬೇಕ್ರೀ."

ಇವರು ಡಿಸ್ಚಾರ್ಜ್ ಬುಕ್ ಮುಂದಿಟ್ಟರು. ಸೇರಿದ ದಿನದಿಂದ ಬಿಟ್ಟ ದಿನದವರೆಗೆ ಎಲ್ಲ ವಿವರವೂ ಅದರಲ್ಲಿರುತ್ತದೆ.

"ಇದರಾಗ ಎಲ್ಲಾ ಐತಲ್ರೀ."

"ಅದು ನಡ್ಯಂಗಿಲ್ರೀ. ಬಾಂಡ್ ಪೇಪರ್ ಮ್ಯಾಲೆ ಅಫಿಡವಿಟ್ ಮಾಡ್ಸಿ, ನೋಟರಿ ಸಹಿ ಹಾಕಿಸ್ಕೊಂಡು ಬರ್ರಿ."

ದೇಶದ ಮೊಹರು ಇರುವ ಪುಸ್ತಕ ನಡೆಯಲಿಲ್ಲ, ಕೋರ್ಟಿನ ಎದುರು ಮರದ ಕೆಳಗೆ ಟೈಪ್ ಮಾಡಿಸಿದ ಕಾಗದ ನಡೆಯಿತು. ಕ್ಲರ್ಕನ್ನು ನಾನು ಬೈಯುವುದಿಲ್ಲ. ಡಿಸ್ಚಾರ್ಜ್ ಬುಕ್ ಅಂದರೆ ಏನು ಅಂತ ಆತನಿಗೆ ಯಾರೂ ಹೇಳಿಕೊಟ್ಟಿಲ್ಲ.

ಸೇರಿಕೊಂಡರು. ಮೊದಲ ವಾರ ಹುಡುಗರು ಇವರನ್ನು ಲೆಕ್ಚರರ್ ಅಂದುಕೊಂಡು ಎದ್ದು ನಿಂತರಂತೆ. ಆಮೇಲೆ "ಮಿಲ್ಟ್ರಿ ಕಾಕಾ" ಅಂತ ಹೆಸರು ಬಿತ್ತು. ಲ್ಯಾಬಿನಲ್ಲಿ ಒಂದು ದಿನ ನೆಟ್‌ವರ್ಕ್ ಕೇಬಲ್ಲಿನ ತುದಿಗೆ ಪಿನ್ ಕೂರಿಸುವ ಪಾಠ. ಎಂಟು ಸಣ್ಣ ತಂತಿಗಳನ್ನು ಬಣ್ಣದ ಸಾಲಿನಂತೆ ಹೊಂದಿಸಿ, ತುದಿ ಸಮ ಕತ್ತರಿಸಿ, ಪಿನ್ನಿಗೆ ತೂರಿಸಿ ಒತ್ತಬೇಕು. ಹುಡುಗರು ಕಿತ್ತಳೆ ಯಾವುದು, ಕಂದು ಯಾವುದು ಅಂತ ಹುಡುಕುತ್ತಾ ಕೂತಿದ್ದಾಗ ಇವರದ್ದು ಮುಗಿದು ಟೆಸ್ಟರ್‌ನಲ್ಲಿ ಎಂಟೂ ದೀಪ ಹತ್ತಿದ್ದವು. ಲಡಾಖಿನ ಚಳಿಯಲ್ಲಿ ಕೈಗವಸು ಹಾಕಿಕೊಂಡೇ ಮಾಡಿದ ಕೆಲಸ ಅದು. "ಕಾಕಾ, ನಂದೂ ಒಂದು ಮಾಡಿಕೊಡ್ರಿ" ಅಂತ ಅರ್ಧ ಕ್ಲಾಸು ಇವರ ಟೇಬಲ್ಲಿಗೆ ಬಂತು. ಆದರೂ ಆ ಲ್ಯಾಬಿಗೆ ಇವರು ಸೆಮಿಸ್ಟರ್ ಪೂರ್ತಿ ಹೋಗಲೇಬೇಕಿತ್ತು, ರೆಕಾರ್ಡ್ ಬುಕ್ ಬರೆಯಲೇಬೇಕಿತ್ತು. ಗೊತ್ತಿರುವುದಕ್ಕೆ ರಿಯಾಯಿತಿ ಇಲ್ಲ. ಗೊತ್ತಿಲ್ಲದ್ದು ಇಂಗ್ಲಿಷಿನಲ್ಲಿ ಬರೆಯುವುದು. ಅದಕ್ಕೆ ಕೇಳೋಣ ಅಂದರೆ ಜನ ಇಲ್ಲ.

ಕೊನೆಗೆ ಅವರನ್ನು ಬೀಳಿಸಿದ್ದು ಇಂಗ್ಲಿಷೂ ಅಲ್ಲ, ಫೀಸೂ ಅಲ್ಲ. ಹಾಜರಾತಿ. ಶೇ. 75 ಇರಲೇಬೇಕು. ಮನೆ ನಡೆಸಲು ರಾತ್ರಿ ಪಾಳಿಯ ಗಾರ್ಡ್ ಕೆಲಸ, ಬೆಳಿಗ್ಗೆ ಕ್ಲಾಸು. ಎಷ್ಟು ದಿನ ಆಗುತ್ತದೆ ಹೇಳಿ? ಮೂರನೇ ಸೆಮಿಸ್ಟರಿನಲ್ಲಿ ಬಿಟ್ಟರು.

ಇಲ್ಲಿ ಸ್ವಲ್ಪ ಅಮೆರಿಕದ ಕಡೆ ನೋಡಬೇಕು. ಅವರು ಹೇಳಿದ್ದೆಲ್ಲ ವೇದವಾಕ್ಯ ಅಂತ ಅಲ್ಲ. ಈ ಒಂದು ವಿಷಯದಲ್ಲಿ ಅವರು ಎಂಬತ್ತು ವರ್ಷ ಸರಿಯಾಗಿಯೂ ಮಾಡಿದ್ದಾರೆ, ತಪ್ಪಾಗಿಯೂ ಮಾಡಿದ್ದಾರೆ. ಎರಡೂ ನಮಗೆ ಉಪಯೋಗ.

1932ರಲ್ಲಿ ಮೊದಲ ಮಹಾಯುದ್ಧದ ಮಾಜಿ ಸೈನಿಕರು ತಮಗೆ ಬರಬೇಕಾದ ಬೋನಸ್ ಕೇಳಿಕೊಂಡು ವಾಷಿಂಗ್ಟನ್ನಿನಲ್ಲಿ ಗುಡಿಸಲು ಹಾಕಿ ಕೂತರು. ಅವರನ್ನು ಎಬ್ಬಿಸಲು ಸರ್ಕಾರ ಸೇನೆಯನ್ನೇ ಕಳಿಸಿತು. ಆ ಅವಮಾನ ಮರೆತಿರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಒಂದೂವರೆ ಕೋಟಿಗೂ ಜಾಸ್ತಿ ಸೈನಿಕರು ಒಮ್ಮೆಗೇ ಮನೆಗೆ ಬಂದರೆ ಕೆಲಸ ಎಲ್ಲಿಂದ ತರುವುದು ಅನ್ನುವ ಹೆದರಿಕೆ. ಹಾಗಾಗಿ 1944ರ ಜೂನ್ 22ರಂದು ಅಧ್ಯಕ್ಷ ರೂಸ್ವೆಲ್ಟ್ ಜಿಐ ಬಿಲ್ ಅನ್ನುವ ಮಾಜಿ ಸೈನಿಕರ ನೆರವಿನ ಕಾಯಿದೆಗೆ ಸಹಿ ಹಾಕಿದರು. ಕಾಲೇಜಿಗೆ ವರ್ಷಕ್ಕೆ 500 ಡಾಲರ್‌ವರೆಗೆ ಫೀಸು ಸರ್ಕಾರದ್ದು. ಅದರ ಮೇಲೆ ತಿಂಗಳಿಗೆ 50 ಡಾಲರ್ ಜೀವನಕ್ಕೆ. ಮದುವೆಯಾಗಿದ್ದರೆ 75.

ಆ ಎರಡನೇ ಮೊತ್ತ ನೋಡಿ. ಗೋಕಾಕಿನ ಹವಾಲ್ದಾರರಿಗೆ ಬೇಕಿದ್ದದ್ದು ಅದೇ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಫೀಸು ದೊಡ್ಡದೇನಲ್ಲ. ಓದುವಷ್ಟು ದಿನ ಮನೆಯಲ್ಲಿ ಒಲೆ ಉರಿಯುವುದು ಹೇಗೆ ಅನ್ನುವುದು ದೊಡ್ಡದು.

ಆಗ ಅಲ್ಲಿನ ದೊಡ್ಡ ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಮೂಗು ಮುರಿದರು. ಶಿಕಾಗೋ ವಿಶ್ವವಿದ್ಯಾಲಯದ ರಾಬರ್ಟ್ ಹಚಿನ್ಸ್ ಇದರಿಂದ ಕಾಲೇಜುಗಳು ಅಲೆಮಾರಿಗಳ ತಾಣವಾಗುತ್ತವೆ ಅನ್ನುವ ಅರ್ಥದಲ್ಲಿ ಬರೆದರು. ಆದದ್ದು ಬೇರೆ. 1947ರ ಹೊತ್ತಿಗೆ ಅಲ್ಲಿ ಕಾಲೇಜು ಸೇರಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾಜಿ ಸೈನಿಕರೇ. ಒಟ್ಟು 22 ಲಕ್ಷ ಮಂದಿ ಈ ಕಾಯಿದೆಯಿಂದ ಕಾಲೇಜು ನೋಡಿದರು. ಅಂಕಗಳಲ್ಲೂ ಹುಡುಗರಿಗೆ ಬಿಟ್ಟುಕೊಡಲಿಲ್ಲ. ಸಂಸಾರಸ್ಥರಿಗೆ ಇರಲು ಜಾಗವಿಲ್ಲದೆ ಕ್ಯಾಂಪಸ್ಸಿನಲ್ಲೇ ಸೇನೆಯ ತಗಡಿನ ಶೆಡ್ಡುಗಳನ್ನು ಹಾಕಿದರು.

ಎಲ್ಲರಿಗೂ ಸಿಕ್ಕಿತಾ? ಇಲ್ಲ. ಕಾಗದದ ಮೇಲೆ ಕಾಯಿದೆ ಎಲ್ಲರಿಗೂ ಒಂದೇ. ಆದರೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಸೈನಿಕರನ್ನು ಬಿಳಿಯರ ಕಾಲೇಜುಗಳು ಸೇರಿಸಿಕೊಳ್ಳಲಿಲ್ಲ. ಕಪ್ಪು ಜನರಿಗಿದ್ದ ಕಾಲೇಜುಗಳು ಚಿಕ್ಕವು, ಬೇಗ ತುಂಬಿಹೋದವು. ಒಂದೇ ಯುದ್ಧ ಮಾಡಿ ಬಂದವರಲ್ಲಿ ಕೆಲವರಿಗಷ್ಟೇ ಸೀಟು.

ಈಗ ನಡೆಯುತ್ತಿರುವುದು 2008ರಲ್ಲಿ ಬಂದ ಹೊಸ ಕಾಯಿದೆ. ಪೂರ್ತಿ ಅರ್ಹತೆ ಇದ್ದವರಿಗೆ 36 ತಿಂಗಳವರೆಗೆ ಸರ್ಕಾರಿ ವಿಶ್ವವಿದ್ಯಾಲಯದ ಫೀಸು, ಮನೆ ಬಾಡಿಗೆಗೆ ಹಣ, ಪುಸ್ತಕಕ್ಕೆ ವರ್ಷಕ್ಕೆ 1,000 ಡಾಲರ್‌ವರೆಗೆ. ಇದಕ್ಕಿಂತ ನನಗೆ ಇಷ್ಟವಾದದ್ದು ಕ್ಯಾಂಪಸ್ಸಿನೊಳಗಿನ ವ್ಯವಸ್ಥೆ. ಹಣ ಸಿಗಬೇಕಾದರೆ ಕಾಲೇಜಿನಲ್ಲಿ ಮಾಜಿ ಸೈನಿಕರ ಕಾಗದಪತ್ರ ನೋಡುವ ಗೊತ್ತುಪಡಿಸಿದ ಸಿಬ್ಬಂದಿ ಇರಲೇಬೇಕು. ಹಲವು ಕಡೆ ಮಾಜಿ ಸೈನಿಕರಿಗೇ ಒಂದು ಕೋಣೆ ಇರುತ್ತದೆ. ಕಾಫಿ ಕುಡಿಯುತ್ತಾ ಹೋಮ್‌ವರ್ಕ್ ಮಾಡುವ, ತಮ್ಮಂಥವರ ಜೊತೆ ಕೂತು ಮಾತಾಡುವ ಜಾಗ. ದೊಡ್ಡ ಖರ್ಚೇನಿಲ್ಲ. ಮೂವತ್ತಾರರ ಮನುಷ್ಯ ಹದಿನೆಂಟರ ಹುಡುಗರ ನಡುವೆ ದಿನವಿಡೀ ಒಬ್ಬನೇ ಕೂರುವ ಸಂಕಟ ಅಲ್ಲಿ ಎಷ್ಟೋ ಕಡಿಮೆಯಾಗುತ್ತದೆ.

ನಮಗೆ ಈಗ ಇದು ಯಾಕೆ ಅವಸರ ಅಂದರೆ, ಅಗ್ನಿವೀರರು. ನಾಲ್ಕು ವರ್ಷಕ್ಕೆ ಅಂತ ಸೇನೆಗೆ ಸೇರಿಸಿಕೊಳ್ಳುವ, 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯವರು. ಮೊದಲ ತಂಡಗಳು 2022ರ ಕೊನೆಗೆ, 2023ರ ಜನವರಿಗೆ ತರಬೇತಿಗೆ ಹೋದವು. ನಾಲ್ಕು ವರ್ಷ ಕೂಡಿಸಿ ನೋಡಿ. ಮೂಲ ನಿಯಮದ ಪ್ರಕಾರ ಹೆಚ್ಚೆಂದರೆ ಶೇ. 25ರಷ್ಟು ಮಂದಿಯನ್ನು ಉಳಿಸಿಕೊಂಡು ಮಿಕ್ಕವರನ್ನು ಮನೆಗೆ ಕಳಿಸಲಾಗುತ್ತದೆ. ಇವರಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕ ಅನ್ನುವ ಸ್ಥಾನಮಾನವೂ ಇಲ್ಲ. ವಯಸ್ಸು ಇಪ್ಪತ್ತೆರಡು, ಇಪ್ಪತ್ನಾಲ್ಕು. ಅಂದರೆ ಸರಿಯಾಗಿ ಕಾಲೇಜಿನ ವಯಸ್ಸು. ಯೋಜನೆ ಸರಿಯೋ ತಪ್ಪೋ ಅನ್ನುವ ಜಗಳ ಇವತ್ತು ಬೇಡ. ಬರುವವರು ಬರುತ್ತಾರೆ.

ಕೇಂದ್ರ ಇವರಿಗೆ ಒಂದು ಒಳ್ಳೆಯ ಕೆಲಸ ಮಾಡಿದೆ, ಒಪ್ಪಿಕೊಳ್ಳೋಣ. ದೂರಶಿಕ್ಷಣದ ವಿಶ್ವವಿದ್ಯಾಲಯ ಇಗ್ನೋದಲ್ಲಿ ಅಗ್ನಿವೀರರಿಗಾಗಿ ಪದವಿ ಕೋರ್ಸು ಮಾಡಿ, ಅರ್ಧ ಕ್ರೆಡಿಟ್ ಸೇನೆಯಲ್ಲಿ ಕಲಿತದ್ದಕ್ಕೇ ಕೊಡುತ್ತದೆ. ಅಂದರೆ ಸೇನೆಯಲ್ಲಿ ಕಲಿತದ್ದೂ ಕಲಿಕೆಯೇ ಅಂತ ಒಂದು ವಿಶ್ವವಿದ್ಯಾಲಯ ಒಪ್ಪಿದಂತಾಯ್ತು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಯಾಕೆ ಒಪ್ಪಬಾರದು? ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇರುವ ಊರು ಅದು. ಕೊಡಗು ವಿಶ್ವವಿದ್ಯಾಲಯ ಯಾಕೆ ಒಪ್ಪಬಾರದು? ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆ. ಮುಚ್ಚಬೇಕಾ ಬೇಡವಾ ಅಂತ ಸರ್ಕಾರ ಲೆಕ್ಕ ಹಾಕಿದ ಹೊಸ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಅದೂ ಇತ್ತು. ಅಂಥದ್ದಕ್ಕೆ ತನ್ನದೇ ಆದ ಒಂದು ಕೆಲಸ ಸಿಕ್ಕಂತಾಗುವುದಿಲ್ವಾ?

ಇನ್ನು ದುಡ್ಡಿನ ವಿಚಾರ. ನಾಲ್ಕು ವರ್ಷ ಮುಗಿಸಿದ ಅಗ್ನಿವೀರನ ಕೈಗೆ ಸೇವಾ ನಿಧಿ ಅಂತ ಸುಮಾರು 11.71 ಲಕ್ಷ ಬರುತ್ತದೆ. ಅದರಲ್ಲಿ ಒಂದು ಪಾಲು ಅವನದೇ ಸಂಬಳದಿಂದ ತಿಂಗಳು ತಿಂಗಳು ಶೇ. 30 ಹಿಡಿದದ್ದು. ಇಪ್ಪತ್ತೆರಡರ ಹುಡುಗ, ಹನ್ನೊಂದು ಲಕ್ಷ. ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಜನ ಮುತ್ತುತ್ತಾರೆ. ಅಮೆರಿಕದಲ್ಲಿ ಆದದ್ದು ಇದೇ. ಅಲ್ಲಿ ಲಾಭಕ್ಕಾಗಿ ನಡೆಸುವ ಕಾಲೇಜುಗಳು ತಮ್ಮ ಆದಾಯದ ಶೇ. 90ಕ್ಕಿಂತ ಜಾಸ್ತಿ ಕೇಂದ್ರದ ವಿದ್ಯಾರ್ಥಿ ನೆರವಿನಿಂದ ಪಡೆಯುವಂತಿಲ್ಲ ಅನ್ನುವ ನಿಯಮ ಇತ್ತು. ಆದರೆ ಮಾಜಿ ಸೈನಿಕರ ಹಣ ಆ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಸರಿ, ಸೈನಿಕರ ಬೆನ್ನು ಹತ್ತಿದರು. ಸುಳ್ಳು ಭರವಸೆ ಕೊಟ್ಟು ಸೇರಿಸಿಕೊಂಡರು. ಐಟಿಟಿ ಟೆಕ್ ಅನ್ನುವ ದೊಡ್ಡ ಸಂಸ್ಥೆ 2016ರಲ್ಲಿ ಬಾಗಿಲು ಹಾಕಿದಾಗ ಎಷ್ಟೋ ಮಾಜಿ ಸೈನಿಕರ ಓದು ನಡುನೀರಿನಲ್ಲಿ ನಿಂತಿತು. ಆ ನಿಯಮದ ತೂತು ಮುಚ್ಚಲು 2021ರವರೆಗೆ ಕಾಯಬೇಕಾಯಿತು.

ಧಾರವಾಡದ ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಒಂದು ಸುತ್ತು ಹಾಕಿ ಬನ್ನಿ, ಕೋಚಿಂಗ್ ಬೋರ್ಡುಗಳನ್ನು ಎಣಿಸಲು ಆಗುವುದಿಲ್ಲ. ಅದರಲ್ಲಿ ಒಳ್ಳೆಯವರೂ ಇದ್ದಾರೆ. "ಅಗ್ನಿವೀರರಿಗೆ ವಿಶೇಷ ಬ್ಯಾಚ್, ನೌಕರಿ ಗ್ಯಾರಂಟಿ" ಅನ್ನುವ ಫ್ಲೆಕ್ಸ್ ಬೀಳಲು ಜಾಸ್ತಿ ದಿನ ಬೇಡ. ಕೂತಲ್ಲೇ ಡಿಗ್ರಿ ಕೊಡಿಸುವ ಏಜೆಂಟರ ಫೋನೂ ಬರುತ್ತದೆ. ಆ ಫೋನ್ ಬರುವ ಮೊದಲು ಸೈನಿಕ ಕಲ್ಯಾಣ ಇಲಾಖೆಯ ಫೋನ್ ಬರಬೇಕು.

"ಪಿಂಚಣಿ ಇದೆ, ಮೀಸಲಾತಿ ಇದೆ, ಇನ್ನೂ ಎಷ್ಟು ಕೊಡಬೇಕು?" ಅಂತ ಕಾಮೆಂಟಿನಲ್ಲಿ ಬರುವುದು ಗೊತ್ತು. ಪಿಂಚಣಿಯ ಮಾತು ಅಗ್ನಿವೀರರಿಗೆ ಅನ್ವಯಿಸುವುದೇ ಇಲ್ಲ. ಮೀಸಲಾತಿ ಅಂದರೆ ಪರೀಕ್ಷೆ ಬರೆದು ಪಾಸಾಗಬೇಕು. ಓದು ಬಿಟ್ಟು ವರ್ಷಗಳಾದವರಿಗೆ ಮೀಸಲು ಹುದ್ದೆ ತೋರಿಸಿ, ಓದಲು ದಾರಿ ಕೊಡದಿದ್ದರೆ ಆ ಹುದ್ದೆ ಖಾಲಿಯೇ ಉಳಿಯುತ್ತದೆ.

ಕರ್ನಾಟಕ ಇದನ್ನು ದೆಹಲಿಗೆ ಕಾಯದೆ ಮಾಡಬಹುದು. ಹಾಸ್ಟೆಲ್ ಸಿಗದ ಹುಡುಗರ ಊಟ, ವಸತಿಗೆ ದುಡ್ಡು ಕೊಡುವ ವಿದ್ಯಾಸಿರಿಯಂಥ ಯೋಜನೆ ನಡೆಸಿ ಗೊತ್ತಿರುವ ರಾಜ್ಯ ಇದು. ಅದೇ ಮಾದರಿಯಲ್ಲಿ ಸರ್ಕಾರಿ ಕಾಲೇಜಿಗೆ ಸೇರಿದ ಮಾಜಿ ಸೈನಿಕರಿಗೂ, ಮರಳಿ ಬಂದ ಅಗ್ನಿವೀರರಿಗೂ ಮೂರು ವರ್ಷ ಮಾಸಿಕ ನೆರವು ಕೊಡಲಿ. ದುಡಿಯುವವರಿಗೆ ಹಾಜರಾತಿ ತುಂಬಲು ಸಂಜೆಯ ಕ್ಲಾಸಿನ ಅವಕಾಶ ಇರಲಿ. ಮಾಜಿ ಸೈನಿಕರಿಗೆ ಅಂತ ಎಲ್ಲ ಕಾಲೇಜಿನಲ್ಲಿ ಕೋಣೆ ಕಟ್ಟುವುದು ಬೇಡ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಧಾರವಾಡ, ಮಡಿಕೇರಿ, ಹಾಸನ, ಹೀಗೆ ಜಿಲ್ಲೆಗೊಂದು ಕಾಲೇಜು ಹಿಡಿದು ಶುರು ಮಾಡಿದರೂ ಸಾಕು.

ಇವೆಲ್ಲ ಆಗಲು ಟೈಮ್ ಹಿಡಿಯುತ್ತದೆ. ಒಂದು ಕೆಲಸಕ್ಕೆ ಮಾತ್ರ ಆದೇಶವೂ ಬೇಡ, ಬಜೆಟ್ಟೂ ಬೇಡ. ನೀವು ಯಾವುದಾದರೂ ಡಿಗ್ರಿ ಕಾಲೇಜಿನ ಪ್ರಿನ್ಸಿಪಾಲರೋ ಲೆಕ್ಚರರೋ ಆಗಿದ್ದರೆ, ಈ ಸಲದ ಅಡ್ಮಿಷನ್ ಶುರುವಾಗುವ ಮೊದಲು ಆಫೀಸಿಗೆ ಹೋಗಿ ಹೇಳಿ: ಡಿಸ್ಚಾರ್ಜ್ ಬುಕ್ ತಂದವರ ಹತ್ತಿರ ಗ್ಯಾಪ್ ಸರ್ಟಿಫಿಕೇಟ್ ಕೇಳಬೇಡಿ, ಅದರದ್ದೇ ಜೆರಾಕ್ಸ್ ಇಟ್ಟುಕೊಳ್ಳಿ. ನಿಮ್ಮ ಕಾಲೇಜಿನಲ್ಲಿ ಈಗ ಏನು ನಡೆಯುತ್ತಿದೆ ಅಂತ ಕೆಳಗೆ ಬರೆಯಿರಿ. ಓದಲು ಹೋಗಿ ಬಿಟ್ಟ ಮಾಜಿ ಸೈನಿಕರು ಯಾರಾದರೂ ಇದನ್ನು ಕೇಳುತ್ತಿದ್ದರೆ, ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ನೀವೂ ಬರೆಯಿರಿ. ಮುಂದಿನ ವಾರ ಅದನ್ನೇ ಓದೋಣ.