ಫ್ರೆಂಚ್ ಊಟದಲ್ಲಿ ನಮ್ಮ ಮಲೆನಾಡು

ಕೇಳುಗರಿಗೆಲ್ಲ ನಮಸ್ಕಾರ.

ಚಿಕ್ಕಮಗಳೂರಿನ ಹೊರಗೆ, ಕಾಫಿ ತೋಟಗಳ ನಡುವೆ ಹೊಸದಾಗಿ ಒಂದು ಫ್ರೆಂಚ್ ರೆಸ್ಟೋರೆಂಟ್ ಶುರುವಾಗಿದೆ. ಮಧ್ಯಾಹ್ನದ ಊಟಕ್ಕೆ ಮೊದಲೇ ಫೋನ್ ಮಾಡಿ ಹೇಳಿರಬೇಕು. ಊಟ ಮುಗಿಯುವುದಕ್ಕೆ ಎರಡು ಗಂಟೆಯಾದರೂ ಬೇಕು. ಬೆಲೆಯೂ ಜಾಸ್ತಿನೇ. ಏನಾದರೂ ವಿಶೇಷ ಇದ್ದಾಗ ಮಾತ್ರ ಹೋಗುವಂಥ ಜಾಗ ಅದು. ಕೊಪ್ಪದ ಕಡೆಯ ನಮ್ಮ ಚಿಕ್ಕಮ್ಮನಿಗೆ ಅರವತ್ತು ತುಂಬಿತು ಅಂತ ಅವರನ್ನು ಕರೆದುಕೊಂಡು ಹೋಗಿದ್ದೆ. ಆ ಊಟದ ಬಗ್ಗೆ ಇವತ್ತು ನಿಮ್ಮ ಜೊತೆ ಮಾತಾಡಬೇಕು ಅನ್ನಿಸಿತು.

ನಮ್ಮಲ್ಲಿ ಎಲೆ ಹಾಕಿದರೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲ ಒಂದರ ಹಿಂದೆ ಒಂದು ಬಂದು ಎಲೆ ತುಂಬಿಬಿಡುತ್ತದೆ. ಅಲ್ಲಿ ಹಾಗಲ್ಲ. ಒಂದು ತಟ್ಟೆ ಬರುತ್ತದೆ, ಅದನ್ನು ಉಂಡು ಮುಗಿಸಿದ ಮೇಲೇ ಇನ್ನೊಂದು. ಫ್ರಾನ್ಸಿನ ದೊಡ್ಡ ಮನೆಗಳಲ್ಲೂ ಹಿಂದೆ ಹೀಗಿರಲಿಲ್ಲ. ಬಗೆಬಗೆಯ ಅಡುಗೆಯನ್ನು ಒಟ್ಟಿಗೇ ಮೇಜಿನ ಮೇಲೆ ಇಡುತ್ತಿದ್ದರು. ಒಂದೊಂದಾಗಿ ಬಡಿಸುವ ಪದ್ಧತಿ ರಷ್ಯಾದವರದು. 19ನೇ ಶತಮಾನದಲ್ಲಿ ಅದು ಪ್ಯಾರಿಸ್ಸಿಗೆ ಬಂತು, ಅಲ್ಲೇ ಉಳಿಯಿತು. ಬಿಸಿಯಾದದ್ದನ್ನು ಬಿಸಿಯಾಗಿಯೇ ತಿನ್ನಬಹುದು, ಅಲ್ವಾ?

ಮೊದಲು ಬಂದದ್ದು ಈರುಳ್ಳಿ ಸೂಪ್. ತೆಳ್ಳಗೆ ಹೆಚ್ಚಿದ ಈರುಳ್ಳಿಯನ್ನು ಬೆಣ್ಣೆಯಲ್ಲಿ ಹಾಕಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಾದರೂ ಬಾಡಿಸುತ್ತಾರೆ. ಅವಸರ ಮಾಡಿದರೆ ಸೀಯುತ್ತದೆ. ತಾಳ್ಮೆಯಿಂದ ಕೈಯಾಡಿಸಿದರೆ ಕಂದು ಬಣ್ಣ ಬಂದು, ಸಿಹಿ ಬಿಡುತ್ತದೆ. ಮೇಲೆ ಬ್ರೆಡ್ಡು, ಚೀಸ್ ಇಟ್ಟು ಕರಗಿಸಿರುತ್ತಾರೆ. ಇಲ್ಲಿ ಒಂದು ಮಾತು. ಫ್ರಾನ್ಸಿನಲ್ಲಿ ಈ ಸೂಪಿಗೆ ಸಾಮಾನ್ಯವಾಗಿ ದನದ ಮೂಳೆ ಬೇಯಿಸಿದ ರಸ ಹಾಕುತ್ತಾರೆ. ಇಲ್ಲಿಯವರು ತರಕಾರಿ ರಸ ಬಳಸಿದ್ದರು. ನೀವು ಎಲ್ಲಿಗೇ ಹೋದರೂ ಕೇಳಿ ತಿಳಿದುಕೊಳ್ಳಿ, ಸಂಕೋಚ ಬೇಡ.

ಆಮೇಲೆ ಸಲಾಡ್. ಅದರ ಮೇಲೆ ನೀಲಿ ಗೆರೆಗಳಿರುವ ಚೀಸ್ ಉದುರಿಸಿದ್ದರು. ಮೆನು ಕಾರ್ಡಿನಲ್ಲಿ ಅದರ ಊರಿನ ಹೆಸರು ಸ್ಪಷ್ಟವಾಗಿತ್ತು: ರೋಕ್‌ಫೋರ್. ದಕ್ಷಿಣ ಫ್ರಾನ್ಸಿನ ಸಣ್ಣ ಹಳ್ಳಿ ಅದು. ಕುರಿ ಹಾಲಿನ ಚೀಸನ್ನು ಅಲ್ಲಿನ ಗವಿಗಳಲ್ಲಿಟ್ಟು ಹದ ಮಾಡುತ್ತಾರೆ. ಬೇರೆಯವರು ಆ ಹೆಸರು ಬಳಸಬಾರದು ಅಂತ 1925ರಲ್ಲೇ ಕಾನೂನು ಮಾಡಿಕೊಂಡರು. ಊರಿನ ಹೆಸರಿಗೆ ಅವರು ಕೊಡುವ ಬೆಲೆ ಅಷ್ಟು.

ಚಿಕ್ಕಮ್ಮ ಶನಿವಾರ ಮಾಂಸ ತಿನ್ನುವುದಿಲ್ಲ, ಮೊಟ್ಟೆಗೆ ಅಡ್ಡಿಯಿಲ್ಲ. ಅವರಿಗೆ ಬದನೆಕಾಯಿ, ಟೊಮೆಟೊ, ದಪ್ಪ ಮೆಣಸಿನಕಾಯಿ ಹಾಕಿ ಮಾಡಿದ ರಾಟಟೂಯಿ ಬಂತು. ನನಗೆ ಕೋಳಿ, ಜೊತೆಗೆ ಕರಿಮೆಣಸಿನ ಸಾಸ್. ಮೆಣಸನ್ನು ದಪ್ಪಗೆ ಕುಟ್ಟಿ, ಕೆನೆ ಸೇರಿಸಿದ್ದರು. ಘಾಟು ಮೂಗಿಗೆ ಹತ್ತಿತು. ಎಲ್ಲಿಯ ಮೆಣಸು ಅಂತ ಬಡಿಸುವ ಹುಡುಗನನ್ನು ಕೇಳಿದೆ. "ಇಲ್ಲೇ ಮೂಡಿಗೆರೆಯದು ಮೇಡಂ" ಅಂದ. ಕಾರ್ಡಿನಲ್ಲಿ ಮಾತ್ರ ಮೂಡಿಗೆರೆ ಇರಲಿಲ್ಲ.

ಕೊನೆಗೆ ಕ್ರೆಮ್ ಬ್ರೂಲೆ. ಕೆನೆ, ಮೊಟ್ಟೆಯ ಹಳದಿ, ಸಕ್ಕರೆ ಸೇರಿಸಿ ಬೇಯಿಸಿ, ಮೇಲೆ ಉದುರಿಸಿದ ಸಕ್ಕರೆಯನ್ನು ಬೆಂಕಿಯಲ್ಲಿ ಸುಟ್ಟು ಗರಿಗರಿ ಮಾಡಿರುತ್ತಾರೆ. ಚಮಚದಲ್ಲಿ ತಟ್ಟಿ ಒಡೆದರೆ ಒಳಗೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿಗಳು. ಚಿಕ್ಕಮ್ಮ ನೋಡಿದ ಕೂಡಲೇ ಹೇಳಿದರು: "ಇದು ನಿಜವಾದ ವೆನಿಲಾ ಕಣೇ. ಎಸೆನ್ಸ್ ಅಲ್ಲ."

ಅವರಿಗೆ ಗೊತ್ತಿರಲೇಬೇಕು. 2003ರ ಸುಮಾರಿಗೆ ಮಲೆನಾಡಿನ ತುಂಬ ವೆನಿಲಾ ಮಾತೇ ಮಾತು. ಹಸಿ ಕೋಡು ಕಿಲೋಗೆ ಸಾವಿರಗಟ್ಟಲೆ ರೂಪಾಯಿಗೆ ಹೋಯಿತು. ರಾತ್ರಿಯೆಲ್ಲ ತೋಟ ಕಾದವರಿದ್ದಾರೆ. ನೋಡನೋಡುತ್ತಾ ಬೆಲೆ ಬಿದ್ದುಹೋಯಿತು. ಎಷ್ಟೋ ಜನ ಬಳ್ಳಿ ಕಿತ್ತು ಹಾಕಿದರು. ಆ ವರ್ಷಗಳಲ್ಲಿ ಬೆಳಿಗ್ಗೆ ಎದ್ದು ಒಂದೊಂದೇ ಹೂವಿಗೆ ಕೈಯಿಂದಲೇ ಪರಾಗಸ್ಪರ್ಶ ಮಾಡಿದವರು ಬಹುಪಾಲು ಹೆಂಗಸರು. ವೆನಿಲಾ ಹೂವು ಬೆಳಿಗ್ಗೆ ಅರಳಿ ಅದೇ ದಿನ ಬಾಡುತ್ತದೆ. ಹೂವಿನೊಳಗೆ ಗಂಡು ಭಾಗಕ್ಕೂ ಹೆಣ್ಣು ಭಾಗಕ್ಕೂ ನಡುವೆ ಒಂದು ತೆಳ್ಳನೆಯ ಪೊರೆ. ಕಡ್ಡಿಯಿಂದ ಅದನ್ನು ಮೇಲೆತ್ತಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಅಷ್ಟಾದರೆ ಕಾಯಿ ಕಟ್ಟುತ್ತದೆ.

ಈ ಉಪಾಯ ಕಂಡುಹಿಡಿದವನು ಎಡ್ಮಂಡ್ ಅನ್ನುವ ಹುಡುಗ. ಹಿಂದೂ ಮಹಾಸಾಗರದಲ್ಲಿ, ಫ್ರೆಂಚರ ಕೈಯಲ್ಲಿದ್ದ ರಿಯೂನಿಯನ್ ದ್ವೀಪದ ತೋಟವೊಂದರಲ್ಲಿ ಗುಲಾಮನಾಗಿದ್ದ. 1841ರಲ್ಲಿ ಅವನಿಗೆ 12 ವರ್ಷ. ಮೆಕ್ಸಿಕೋ ಕಡೆಯಿಂದ ಬಳ್ಳಿ ತಂದು ನೆಟ್ಟು ವರ್ಷಗಟ್ಟಲೆ ಕಾದರೂ ಅಲ್ಲಿ ಕಾಯಿ ಬಿಟ್ಟಿರಲಿಲ್ಲ. ದೊಡ್ಡವರಿಗೆ ಆಗದ್ದನ್ನು ಅವನು ಕಡ್ಡಿ, ಹೆಬ್ಬೆರಳಲ್ಲಿ ಮಾಡಿ ತೋರಿಸಿದ. ಅದರಿಂದ ಬೇರೆಯವರು ಸಾಹುಕಾರರಾದರು. ಅವನು 1880ರಲ್ಲಿ ಬಡವನಾಗಿಯೇ ಸತ್ತ. ನಮ್ಮ ಕೊಪ್ಪ, ಶೃಂಗೇರಿಯ ಹೆಂಗಸರು ಮಾಡಿದ್ದು ಅವನ ಕೈಕೆಲಸವನ್ನೇ. ಇದನ್ನು ಹೇಳಿದಾಗ ಚಿಕ್ಕಮ್ಮ ಚಮಚ ಕೆಳಗಿಟ್ಟು, "ಪಾಪ, ಆ ಮಗುವಿನ ಹೆಸರು ಇನ್ನೊಂದ್ಸಲ ಹೇಳು" ಅಂದರು.

ಕಾಫಿ ಬಂದಾಗ ನಾನು ಸುಮ್ಮನಿರಲಿಲ್ಲ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ ಭೌಗೋಳಿಕ ಸೂಚಿಯ ಗುರುತು ಸಿಕ್ಕಿದೆ. ರೋಕ್‌ಫೋರ್ ಚೀಸಿಗೆ ಇರುವಂಥ ರಕ್ಷಣೆಯೇ ಅದು. ಹಾಗಿದ್ದ ಮೇಲೆ ಇದೇ ಊರಿನ ಮೆನು ಕಾರ್ಡಿನಲ್ಲಿ ಬರೀ "ಕಾಫಿ" ಅಂತ ಯಾಕಿರಬೇಕು? ಫ್ರೆಂಚ್ ಅಡುಗೆ ಮಾಡುವವರು ಫ್ರೆಂಚರ ಈ ಅಭ್ಯಾಸವನ್ನೂ ತರಬೇಕು. ಮೆಣಸು, ವೆನಿಲಾ, ಕಾಫಿ ಯಾವ ಊರಿನದು ಅಂತ ಬರೆಯಬೇಕು. ಬೆಳೆದವರಿಗೆ ಅಷ್ಟಾದರೂ ಸಲ್ಲಬೇಕಲ್ಲ.

ಹೊರಡುವ ಮುಂಚೆ ಅಡುಗೆಯವರನ್ನು ಕರೆಸಿ ಇದನ್ನೇ ಹೇಳಿದೆ. ವಯಸ್ಸಿನ್ನೂ ಚಿಕ್ಕದು. ಗಮನವಿಟ್ಟು ಕೇಳಿಸಿಕೊಂಡರು. ಮುಂದಿನ ಕಾರ್ಡಿನಲ್ಲಿ ಊರಿನ ಹೆಸರು ಹಾಕಿಸುತ್ತೇನೆ ಅಂದರು. ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ, "ಅಮ್ಮಾ, ನಿಮ್ಮ ತೋಟದಲ್ಲಿ ಈಗಲೂ ವೆನಿಲಾ ಇದೆಯಾ?" ಅಂತ ಕೇಳಿದರು.

"ನಾಲ್ಕು ಬಳ್ಳಿ ಉಳಿಸ್ಕೊಂಡಿದೀನಿ ಮಗ. ಹೂವು ಮುಟ್ಟೋಕೆ ಜನ ಸಿಗಲ್ಲ. ಮಾರ್ಚಿಗೆ ನೀನೇ ಬಾ, ಕಲಿಸಿಕೊಡ್ತೀನಿ" ಅಂದರು ಚಿಕ್ಕಮ್ಮ.

ನಮಸ್ಕಾರ.