ಹೆಸರು ಬದಲಾಯಿತು, ಬಾಡಿಗೆ ಶುರುವಾಯಿತು

ಕೇಳುಗರೆಲ್ಲರಿಗೂ ನಮಸ್ಕಾರ.

ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಪೆರ್ಲ. ನಮ್ಮ ಕಡೆ ಯಾವ ಪೇಟೆಗೆ ಹೋದರೂ ಒಂದು ಡಿಟಿಪಿ ಅಂಗಡಿಯೋ ಸರಕಾರಿ ಸೇವೆಗಳ ಅಕ್ಷಯ ಕೇಂದ್ರವೋ ಕಣ್ಣಿಗೆ ಬೀಳುತ್ತದೆ. ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ, ಪಂಚಾಯತಿಗೆ ಕೊಡುವ ಅರ್ಜಿ, ಸಂಘದ ಮಹಾಸಭೆಯ ವರದಿ, ಹೀಗೆ ಕಾಸರಗೋಡಿನ ದಿನದಿನದ ಕನ್ನಡ ಅಚ್ಚಾಗುವುದು ಇಂಥ ಜಾಗಗಳಲ್ಲೇ. ಅಲ್ಲಿನ ಕಂಪ್ಯೂಟರಿನೊಳಗೆ ಸದ್ದಿಲ್ಲದೆ ಆಗಿರುವ ಒಂದು ಬದಲಾವಣೆಯ ಬಗ್ಗೆ ಇವತ್ತು ನಿಮ್ಮ ಹತ್ತಿರ ಮಾತಾಡಬೇಕು.

ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಗೊತ್ತಿಲ್ಲದವರು ಈಗ ಕಡಿಮೆ. ವಿಂಡೋಸ್‌ಗಾಗಿ ಈ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿ, ಆಫೀಸ್ ಅಂತ ಹೆಸರಿಟ್ಟು ಮೈಕ್ರೋಸಾಫ್ಟ್ ಮಾರಲು ಶುರು ಮಾಡಿದ್ದು 1990ರಲ್ಲಿ. 2011ರಲ್ಲಿ, ಚಂದಾ ಕಟ್ಟಿ ಬಳಸುವ ಆಫೀಸ್ 365 ಬಂತು. 2020ರಲ್ಲಿ ಅದು ಮೈಕ್ರೋಸಾಫ್ಟ್ 365 ಆಯಿತು. 2025ರ ಜನವರಿಯಲ್ಲಿ ಅದರ ಆ್ಯಪಿನ ಹೆಸರಿಗೆ ಕೋಪೈಲಟ್ ಅನ್ನುವ ಬಾಲವೂ ಸೇರಿತು. ಕೋಪೈಲಟ್ ಅಂದರೆ ಆ ಕಂಪನಿಯ ಎಐ ಸಹಾಯಕ. ಹಳೆಯ ಚಿಹ್ನೆಯ ಜಾಗದಲ್ಲಿ ಹೊಸದು ಕಂಡು, ವರ್ಡ್ ಎಲ್ಲಿ ಹೋಯಿತಪ್ಪಾ ಅಂತ ಪರದೆಯೆಲ್ಲ ಹುಡುಕಿದ ಹಿರಿಯರನ್ನು ನಾನು ನೋಡಿದ್ದೇನೆ. ವರ್ಡ್ ಅಲ್ಲೇ ಇದೆ. ಹೆಸರಿನ ಗಲಾಟೆ ನಾಲ್ಕು ದಿನದಲ್ಲಿ ಅಭ್ಯಾಸವಾಗಿಬಿಡುತ್ತದೆ. ನನಗೆ ಚಿಂತೆ ಇರುವುದು ದುಡ್ಡು ಕೊಡುವ ಕ್ರಮದ ಬಗ್ಗೆ.

ಅಡಿಕೆಗೆ ಮದ್ದು ಬಿಡುವ ಪಂಪನ್ನು ಒಮ್ಮೆ ಕೊಂಡರೆ ಅದು ಹಾಳಾಗುವವರೆಗೂ ನಮ್ಮದು. ಹಿಂದೆ ಸಾಫ್ಟ್‌ವೇರೂ ಹಾಗೇ ಇತ್ತು. ಸಿಡಿ ತಂದು ಹಾಕಿದರೆ ವರ್ಷಗಟ್ಟಲೆ ನಡೆಯುತ್ತಿತ್ತು. ನಮ್ಮ ಪ್ರೆಸ್ಸುಗಳಲ್ಲಿ ಪುಟ ಜೋಡಿಸಲು ಬಳಸುತ್ತಿದ್ದ ಪೇಜ್‌ಮೇಕರನ್ನೇ ನೋಡಿ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಆಮೇಲೂ ಎಷ್ಟೋ ವರ್ಷ ಅದರಲ್ಲೇ ನುಡಿ ಅಕ್ಷರ ಹಾಕಿ ಮದುವೆ ಕಾಗದ ಮಾಡಿದರು. ಆ ಕೊನೆಯ ಆವೃತ್ತಿಯನ್ನು ತಂದ ಅಡೋಬಿ ಕಂಪನಿಯೇ 2013ರಲ್ಲಿ, ಫೋಟೋಶಾಪ್‌ನಂಥ ತನ್ನ ಮುಖ್ಯ ಸಾಫ್ಟ್‌ವೇರುಗಳ ಹೊಸ ಆವೃತ್ತಿಗಳು ಇನ್ನು ಚಂದಾಕ್ಕೆ ಮಾತ್ರ ಅಂದಿತು.

ಚಂದಾ ಮುಗಿದರೆ ಏನಾಗುತ್ತದೆ? ನಮ್ಮ ಕಡೆಯ ಒಂದು ಅಂಗಡಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಯಾವ ಸಾಫ್ಟ್‌ವೇರ್ ಅನ್ನುವುದು ಇಲ್ಲಿ ಮುಖ್ಯವಲ್ಲ. ದೇವಸ್ಥಾನದ ಆಮಂತ್ರಣ ಅಚ್ಚಿಗೆ ಹೋಗಬೇಕಿತ್ತು. ಅಷ್ಟರಲ್ಲಿ ತಂತ್ರಿಗಳ ಕಡೆಯಿಂದ ಮುಹೂರ್ತ ಸ್ವಲ್ಪ ಬದಲಾಗಿದೆ ಅಂತ ಫೋನು. ಫೈಲು ತೆರೆಯಿತು. ಅಕ್ಷರಗಳು ಚೆನ್ನಾಗಿಯೇ ಕಾಣುತ್ತಿದ್ದವು. ಮೇಲೆ ಮಾತ್ರ ಒಂದು ಪಟ್ಟಿ, ನಿಮ್ಮ ಅವಧಿ ಮುಗಿದಿದೆ ಅಂತ. ಹಳೆಯ ಮುಹೂರ್ತದ 10-30 ಅನ್ನು ಅಳಿಸಲು ಕೀ ಒತ್ತಿದರೆ ಒಂದು ಅಂಕಿಯೂ ಅಲುಗಲಿಲ್ಲ. ಓದಬಹುದು, ಪ್ರಿಂಟ್ ತೆಗೆಯಬಹುದು, ತಿದ್ದುವ ಹಾಗಿಲ್ಲ. ಸಮಿತಿಯವರು ಬರೆಸಿದ ಕಾಗದ, ಅಂಗಡಿಯವರು ಕೂತು ಟೈಪ್ ಮಾಡಿದ ಕಾಗದ. ಅದನ್ನು ಮುಟ್ಟುವ ಹಕ್ಕು ಮಾತ್ರ ಇನ್ಯಾರದೋ ಕೈಯಲ್ಲಿ. ನನಗೆ ನಿಜಕ್ಕೂ ಸಂಕಟವಾಯಿತು.

ಚಂದಾದಿಂದ ಉಪಯೋಗ ಇಲ್ಲ ಅಂತ ನಾನು ಹೇಳುವುದಿಲ್ಲ. ಮೈಕ್ರೋಸಾಫ್ಟಿನ ಮನೆಮಂದಿಯ ಯೋಜನೆಯನ್ನು ಆರು ಜನರವರೆಗೆ ಹಂಚಿಕೊಳ್ಳಬಹುದು, ಫೈಲುಗಳನ್ನು ಇಂಟರ್‌ನೆಟ್ಟಿನಲ್ಲಿ ಇಡಲು ತಲಾ ಒಂದು ಟಿಬಿ ಜಾಗವೂ ಸಿಗುತ್ತದೆ. ದೊಡ್ಡ ಕಚೇರಿಗೆ ಇದು ಅನುಕೂಲವೇ. ಆದರೆ ದರ ಏರಿಸುವವರು ಅವರು, ಏನೇನು ಸೇರಿಸಬೇಕು ಅಂತ ತೀರ್ಮಾನ ಮಾಡುವವರೂ ಅವರು. ಕೋಪೈಲಟ್ ಸೇರಿಸಿ ದರ ಏರಿಸಿದಾಗ, ಅದು ಬೇಡ ಅನ್ನುವವರಿಗೆ ಹಳೆಯ ದರದ ಯೋಜನೆಯೂ ಇತ್ತು. ಅದನ್ನು ಜನರಿಗೆ ಸರಿಯಾಗಿ ತಿಳಿಸಲಿಲ್ಲ ಅಂತ ಆಸ್ಟ್ರೇಲಿಯಾದ ಗ್ರಾಹಕ ಆಯೋಗ 2025ರ ಅಕ್ಟೋಬರಿನಲ್ಲಿ ಕೋರ್ಟಿಗೆ ಹೋಯಿತು. ಆಮೇಲೆ ಕಂಪನಿ ಅಲ್ಲಿನ ಗ್ರಾಹಕರ ಕ್ಷಮೆ ಕೇಳಿತು. ಕೇಳುವವರಿದ್ದರೆ ಉತ್ತರ ಸಿಗುತ್ತದೆ, ಅಲ್ವಾ?

ಈಗ ನಮ್ಮ ಮನೆಯ ಮಕ್ಕಳ ಕಡೆ ನೋಡಿ. ಕೇರಳದ ಸರಕಾರಿ, ಅನುದಾನಿತ ಶಾಲೆಗಳ ಕಂಪ್ಯೂಟರ್ ಲ್ಯಾಬಿನಲ್ಲಿ ನಡೆಯುವುದು ಸ್ವತಂತ್ರ ತಂತ್ರಾಂಶ, ಅಂದರೆ ಯಾರು ಬೇಕಾದರೂ ಬಳಸಬಹುದಾದ, ಹಂಚಬಹುದಾದ ಸಾಫ್ಟ್‌ವೇರ್. ಮೊದಲು ಐಟಿ ಅಟ್ ಸ್ಕೂಲ್, 2017ರಿಂದ ಕೈಟ್ ಅನ್ನುವ ಸಂಸ್ಥೆ ಇದನ್ನು ನೋಡಿಕೊಳ್ಳುತ್ತಿದೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಐಟಿ ಪಾಠಪುಸ್ತಕ ಕನ್ನಡದಲ್ಲೇ ಇದೆ. ಅವರು ಲಿಬ್ರೆಆಫೀಸಿನ ರೈಟರ್‌ನಲ್ಲಿ ಬರೆಯುತ್ತಾರೆ, ಕ್ಯಾಲ್ಕ್‌ನಲ್ಲಿ ಲೆಕ್ಕ ಮಾಡುತ್ತಾರೆ. ಇದಕ್ಕೆ ಚಂದಾ ಇಲ್ಲ, ಅವಧಿಯೂ ಇಲ್ಲ. ಅದೇ ಮಗು ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದರೆ, ಅಪ್ಪ ವರ್ಷದ ಚಂದಾ ಕಟ್ಟುತ್ತಿರುತ್ತಾರೆ! ಮಗುವಿಗೆ ಬರುವ ಕೆಲಸವನ್ನು ನಾವು ಕೇಳಿ ಕಲಿಯಲಿಲ್ಲ. ಇದು ನನಗೆ ತುಂಬ ಬೇಜಾರಿನ ಸಂಗತಿ.

ಲಿಬ್ರೆಆಫೀಸ್ 2010ರಿಂದ ಇದೆ, ಕನ್ನಡದ ಮೆನುವಿನಲ್ಲೂ ಸಿಗುತ್ತದೆ. ವರ್ಡ್ ಫೈಲುಗಳನ್ನೂ ತೆರೆಯುತ್ತದೆ. ಕೆಲವೊಮ್ಮೆ ಕೋಷ್ಟಕ ಆಚೀಚೆ ಆಗುತ್ತದೆ, ಅದನ್ನು ಸರಿ ಮಾಡಿಕೊಳ್ಳಬೇಕು. ವರ್ಡೇ ಬೇಕು ಅನ್ನುವವರಿಗೆ ಒಂದೇ ಸಲ ಹಣ ಕೊಟ್ಟು ಕೊಳ್ಳುವ ಆಫೀಸ್ 2024 ಇದೆ. ಚಂದಾ ಕಟ್ಟುವ ಮೊದಲು ಇದನ್ನೊಮ್ಮೆ ಅಂಗಡಿಯಲ್ಲಿ ಕೇಳಿ, ಸುಮ್ನೆ ತಲೆಯಾಡಿಸಬೇಡಿ. 2016, 2019ರ ಹಳೆಯ ಆಫೀಸ್ ಇದ್ದವರಿಗೆ ಒಂದು ಮಾತು. 2025ರ ಅಕ್ಟೋಬರ್ 14ಕ್ಕೆ ಅವುಗಳ ಬೆಂಬಲ ಮುಗಿದಿದೆ. ಅವು ನಿಂತುಹೋಗುವುದಿಲ್ಲ, ಆದರೆ ಸುರಕ್ಷತೆಯ ಅಪ್‌ಡೇಟ್ ಬರುವುದಿಲ್ಲ. ಯಾರ್‍ಯಾರೋ ಕಳಿಸಿದ ಫೈಲನ್ನು ಅವುಗಳಲ್ಲಿ ತೆರೆಯುವಾಗ ಜಾಗ್ರತೆ.

ಸಂಘ, ದೇವಸ್ಥಾನ, ವಾಚನಾಲಯಗಳ ಕಾರ್ಯದರ್ಶಿಗಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಹಳೆಯ ವರದಿ, ಸದಸ್ಯರ ಪಟ್ಟಿ, ಸ್ಮರಣ ಸಂಚಿಕೆಯ ಲೇಖನಗಳು ಎಲ್ಲಿವೆ ಅಂತ ಈ ವಾರ ನೋಡಿ. ಹಳೆಯ ನುಡಿ ಫಾಂಟಿನಲ್ಲಿದ್ದರೆ, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡಿಗೆ ಬದಲಿಸಿ. ಎಲ್ಲದರ ಒಂದು ಪ್ರತಿಯನ್ನು ಲಿಬ್ರೆಆಫೀಸ್ ಬಳಸುವ ಒಡಿಟಿ ಫೈಲಾಗಿ ಉಳಿಸಿ, ಪೆನ್‌ಡ್ರೈವಿನಲ್ಲಿ ಹಾಕಿ ಕಪಾಟಿನಲ್ಲಿಡಿ. ಹೇಗೆ ಅಂತ ಗೊತ್ತಾಗದಿದ್ದರೆ ಹತ್ತಿರದ ಹೈಸ್ಕೂಲಿನ ಮಕ್ಕಳನ್ನು ಕರೆಯಿರಿ, ಅವರು ಮಾಡಿಕೊಡುತ್ತಾರೆ.

ನಮಸ್ಕಾರ.